ಸಂಜೆಯ ಅರ್ಧ ಗಂಟೆಯ ಪ್ರಗತಿ

ನವೆಂಬರ್ ೧೨, ಬುಧವಾರ

ಮಾನ್ಯ ಸಭಿಕರೇ, ದಿಂಬಿನಂಚಿನಲ್ಲಿ ಆಸೀನರಾದ ಸೊಳ್ಳೆಗಳೇ! ಮಾಹಿತಿ ತಂತ್ರಜ್ಞಾನದಿಂದ ದೇಶದ ಆರ್ಥಿಕತೆ ಹೇಗೆ ಬೆಳೆಯುತ್ತದೆಂಬುದನ್ನು ನಮ್ಮ ಪಂಪು ಬಿಡಿಭಾಗಗಳ ಗೋದಾಮನ್ನೇ ಸಾಕ್ಷಿಯಾಗಿಟ್ಟು ವಿವರಿಸುತ್ತೇನೆ.

ಹೊಸ ಸಾಫ್ಟ್‌ವೇರ್ ಬಂದು ವರ್ಷವಾಯಿತು. ಪೆಟ್ಟಿಗೆ ಕೈಗೆ ಬಂದ ಕೂಡಲೇ ಸ್ಕ್ಯಾನ್ ಮಾಡಬೇಕೆಂಬುದು ನಿಯಮ. ಆದರೆ ಕಪಾಟುಗಳ ನಡುವೆ ಸಿಗ್ನಲ್ ಸಿಕ್ಕರೆ ತಾನೆ? ಹಾಗಾಗಿ ನಾವು ಆರೂ ಜನ ದಿನವಿಡೀ ಪೆಟ್ಟಿಗೆಗಳ ಬಾರ್‌ಕೋಡ್ ಚೀಟಿ ಹರಿದು ಜೇಬಿಗಿಟ್ಟುಕೊಂಡು, ಸಂಜೆ ಬಾಗಿಲ ಬಳಿ ಅರ್ಧ ಗಂಟೆಯಲ್ಲಿ ಒಟ್ಟಿಗೆ ಸ್ಕ್ಯಾನ್ ಮಾಡಿ ಮುಗಿಸುತ್ತೇವೆ. ನನ್ನ ಕೈ ಚುರುಕು. ಆದ್ದರಿಂದ ಎಲ್ಲವೂ ನನ್ನ ಲಾಗಿನ್‌ನಲ್ಲೇ.

ಇವತ್ತು ಮ್ಯಾನೇಜರ್ ಎಲ್ಲರನ್ನೂ ಕರೆದು ಪರದೆ ತೋರಿಸಿ ಕುಣಿದಾಡಿಬಿಟ್ಟರು. "ಇಡೀ ದಿನದ ಕೆಲಸ ಅರ್ಧ ಗಂಟೇಲಿ, ಅದೂ ಒಬ್ಬರೇ! ದೇಶ ಮುಂದೆ ಬರೋದು ಹೀಗೇ ಕಣ್ರೀ!" ಮುಂದಿನ ತಿಂಗಳಿಂದ ಗೋದಾಮಿಗೆ ಒಬ್ಬರೇ ಸಾಕಂತೆ. ಪರದೆಯ ಮೇಲೆ ಪ್ರಗತಿ, ಪೆಟ್ಟಿಗೆ ಹೊತ್ತವರಿಗೆ ಅಧೋಗತಿ!

ಲಾರಿಯಿಂದ ಪೆಟ್ಟಿಗೆ ಇಳಿಸುವ ಮೀಸೆ ಮಾವ ಹಿಂದಿನಿಂದ ಮೊಣಕೈಯಲ್ಲಿ ತಿವಿದರು. "ಹೇಳೇ ತಾಯಿ, ಅದು ನಾವೆಲ್ಲ ಸೇರಿ ಹೊತ್ತಿದ್ದು ಅಂತ. ಇಷ್ಟು ದಿನ ಪ್ರಾಸ ಕಟ್ಟಿ ತಲೆ ತಿಂತಿದ್ಯಲ್ಲ, ಇವತ್ತೇನು ಬಾಯಿಗೆ ಬೀಗ?"

"ಆಮೇಲೆ ಹೇಳ್ತೀನಿ ಮಾವ" ಅಂದೆ.

ಸಭಿಕರೇ, ಬೆನ್ನುನೋವನ್ನು ಸ್ಕ್ಯಾನ್ ಮಾಡದ ಈ ದರಿದ್ರ ಯಂತ್ರಕ್ಕೆ ಆರು ಜನರ ಬೆವರು ಹೇಗೆ ಕಾಣಬೇಕು? ಆ ಮ್ಯಾನೇಜರ್ ಒಂದು ದಿನವಾದರೂ ಕಪಾಟಿನ ಸಂದಿಗೆ ಬಂದು ನೋಡಿದ್ದರೆ...

ಸಾಕು. ಉಳಿಯುವ ಆ ಒಬ್ಬಳು ನಾನೇ. ಮ್ಯಾನೇಜರ್ ನನ್ನ ಹೆಸರು ಓದಿದಾಗ ನನಗೆ ಹಾಯೆನಿಸಿತು. ಆಮೇಲೂ ನಾನು ಹೇಳಲಿಲ್ಲ.