ಮೂರನೆಯ ಸಾಲಿನ ಹುಕ್ಕು

ಕಾಲಿ, ಅಕ್ಟೋಬರ್ 14, 2019

ನನ್ನ ಯುಲಿಯೆತ್,

ಮೊದಲು ಲೆಕ್ಕ, ಆಮೇಲೆ ಕ್ಷೇಮಸಮಾಚಾರ; ನಿನ್ನಮ್ಮನ ಕ್ರಮ ನಿನಗೆ ಗೊತ್ತಿದ್ದದ್ದೇ. ನಿನ್ನ ಲಿಪೊಸಕ್ಷನ್ನಿಗೆಂದು ಡಾಕ್ಟರ್ ಬರೋನಾಗೆ ಕೊಟ್ಟದ್ದು ಎಂಬತ್ತು ಲಕ್ಷ ಪೆಸೊ, ಅರಿವಳಿಕೆ, ಒಂದು ದಿನದ ಹಾಸಿಗೆ ಎಲ್ಲ ಸೇರಿ. ಊತ ಇಳಿಸುವ ಮಸಾಜು ಹತ್ತು ಸಲ, ಐದು ಲಕ್ಷ. ಆಮೇಲೆ ಅದೇ ಡಾಕ್ಟರ ಮೇಲೆ ದೂರು ಹಾಕಿದ ನಮ್ಮ ವಕೀಲನಿಗೆ ನಲವತ್ತು. ವಲೆನ್ಸಿಯಾಕ್ಕೆ ನಿನ್ನ ವಿಮಾನದ ಟಿಕೀಟು ಇಪ್ಪತ್ತೆಂಟು. ಒಟ್ಟು ಒಂದು ಕೋಟಿ ಐವತ್ತಮೂರು ಲಕ್ಷ. ಆಪರೇಷನ್ ಆದಮೇಲೆ ಸೊಂಟ ಬಿಗಿಯಲು ತೊಡುವ ಫಾಹಾಕ್ಕೆ ಬೆಲೆ ಹಾಕಿಲ್ಲ. ಅದು ನಮ್ಮ ಅಂಗಡಿಯದೇ, ನಾನೇ ಹೊಲಿದದ್ದು.

ಈ ಕಾಗದ ಎರಡು ತಿಂಗಳು ತಡವಾಯಿತು, ಮನ್ನಿಸು. ವಿಚಾರಣೆ ಮುಗಿದ ದಿನವೇ ಬರೆಯಬೇಕಿತ್ತು. ಅಷ್ಟರಲ್ಲಿ ವಕೀಲ ಎರಡು ಸಾಲಿನಲ್ಲಿ ನಿನಗೆ ತಿಳಿಸಿಬಿಟ್ಟಿದ್ದ: ದೂರು ಬಿದ್ದುಹೋಯಿತು, ನಿಮ್ಮ ತಾಯಿಯ ಹೇಳಿಕೆಯೇ ಕಾರಣ ಅಂತ. ನೀನು ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದೆ. ಕಾಗದವನ್ನು ಹಾಗೆ ಬ್ಲಾಕ್ ಮಾಡಲು ಬರುವುದಿಲ್ಲ. ಹೆಚ್ಚೆಂದರೆ ಹರಿಯಬಹುದು, ಹರಿಯುವಾಗಲೂ ಒಂದೆರಡು ಮಾತು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮತ್ತೆ ನನ್ನ ಜೊತೆ ಮಾತಾಡುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಆದರೆ ವಕೀಲನ ಎರಡು ಸಾಲಿನ ಮೇಲೆ ಅದನ್ನು ತೀರ್ಮಾನಿಸಬೇಡ.

ಅಲ್ಲಿ ಚಳಿ ಶುರುವಾಯಿತೇ? ಮುದುಕಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿ ಬೆನ್ನು ಹಿಡಿಯುತ್ತದೆಯಂತೆ, ಭಾರ ಎತ್ತುವಾಗ ಮೊಣಕಾಲು ಮಡಿಸು. ಇಲ್ಲಿ ಎಲ್ಲ ಹಾಗೆಯೇ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತದೆ, ಮೂಲೆಯ ಅಂಗಡಿಯ ಪಾನ್‌ದೆಬೊನೊ ಬನ್ನು ಚಿಕ್ಕದಾಗಿದೆ, ಬೆಲೆ ದೊಡ್ಡದಾಗಿದೆ. ಲಿಹಿಯಾ ಚಿಕ್ಕಮ್ಮ ಬೆಳಗ್ಗೆ ಬೆಳಗ್ಗೆ ನದಿಯ ದಂಡೆಯಲ್ಲಿ ನಡೆಯುತ್ತಾಳೆ. ತೊಂಬತ್ತನಾಲ್ಕು ಕಿಲೊ ಇದ್ದವಳು ಎಂಬತ್ತಮೂರಕ್ಕೆ ಇಳಿದಿದ್ದಾಳೆ, ಜಂಭ ಮಾತ್ರ ಹನ್ನೊಂದು ಕಿಲೊ ಏರಿದೆ.

ಡಾಕ್ಟರ ಬಳಿ ಮೊದಲ ಸಲ ಹೋದ ದಿನ ನಿನಗೆ ನೆನಪಿರಬೇಕು. ನಿನ್ನ ಪದವಿಗೆ ನನ್ನ ಉಡುಗೊರೆ. ಜೊತೆಗೆ ಬಂದದ್ದು ಲಿಹಿಯಾ, ಇಬ್ಬರಿಗೆ ಒಟ್ಟಿಗೆ ಆದರೆ ರಿಯಾಯಿತಿ ಸಿಗುತ್ತದೆಂದು. ಕುರ್ಚಿಯಲ್ಲಿ ಕೂರುವ ಮೊದಲೇ ಶುರುಹಚ್ಚಿದಳು: "ಡಾಕ್ಟ್ರೇ, ನನ್ನಿಂದ ಶುರು ಮಾಡಿ. ಇವಳು ಕಾಯ್ತಾಳೆ, ಚಿಕ್ಕ ವಯಸ್ಸು."

"ಸೆನ್ಯೋರಾ, ಇದು ತೂಕ ಇಳಿಸೋ ಆಪರೇಷನ್ ಅಲ್ಲ," ಅಂದ ಅವನು, ಬಹಳ ಮರ್ಯಾದೆಯಿಂದ. "ತೂಕ ಒಂದು ಹದಕ್ಕೆ ಬಂದು ನಿಂತ್ಮೇಲೆ, ಏನು ಮಾಡಿದ್ರೂ ಕರಗದೆ ಅಲ್ಲಲ್ಲಿ ಉಳ್ಕೊಂಡ ಕೊಬ್ಬು ತೆಗೆದು ಆಕಾರ ತಿದ್ದೋದು, ಅಷ್ಟೇ. ನಿಮಗೆ ಬೇಕಾಗಿರೋದು ನಾನಲ್ಲ."

"ಅಂದ್ರೆ ದಪ್ಪಗಿರೋರಿಗಿಲ್ಲ, ತೆಳ್ಳಗಿರೋರಿಗೆ ಮಾತ್ರ! ಹೊಟ್ಟೆ ತುಂಬಿದೋರಿಗಷ್ಟೇ ಊಟ ಹಾಕೋ ಹೋಟ್ಲು ಇದು. ನಡಿಯೇ ಅಕ್ಕ."

ನೀನು ನಕ್ಕೆ. ನಾನೂ ನಕ್ಕು, "ಆಕಾರ ತಿದ್ದೋದು ಅಂದ್ಮೇಲೆ ನಾವಿಬ್ರೂ ಒಂದೇ ಕಸುಬಿನೋರು ಡಾಕ್ಟ್ರೇ. ನಾನು ಹೊರಗಿಂದ, ನೀವು ಒಳಗಿಂದ" ಅಂದೆ. ಮೂವತ್ತು ವರ್ಷ ಈ ಊರಿನ ಹೆಂಗಸರ ಸೊಂಟ ಹಿಡಿದವಳು ನಾನು. ಬಾಡಿಗೆಯ ಒಂದು ಹೊಲಿಗೆ ಯಂತ್ರದಿಂದ ಆರು ಯಂತ್ರಕ್ಕೆ ಬಂದವಳು. ಆಪರೇಷನ್ ಮಾಡುವವರು ಅರ್ಧ ಕೆಲಸ ಮಾಡುತ್ತಾರೆ, ಉಳಿದರ್ಧ ಫಾಹಾದ್ದು ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಈಗ ವಿಚಾರಣೆಯ ದಿನ. ಮೇಜಿನ ಆಚೆ ದೂರು ವಿಚಾರಿಸುವ ಮೂವರು ಹಿರಿಯ ವೈದ್ಯರು, ಈಚೆ ಒಂದು ಬದಿಗೆ ನಾನು, ವಕೀಲ, ಇನ್ನೊಂದು ಬದಿಗೆ ಬರೋನಾ. ನಿನ್ನ ಎಡಸೊಂಟದ ಫೋಟೊವನ್ನು ಗೋಡೆಯಗಲ ಮಾಡಿ ತೋರಿಸಿದರು. ಪಕ್ಕೆಲುಬಿನ ಕೆಳಗಿಂದ ಹೊಕ್ಕುಳಿನ ಹತ್ತಿರದವರೆಗೆ ಇಳಿದ ಆ ಗುಳಿಗೆರೆ. ಕನ್ನಡಿಯ ಮುಂದೆ ನೀನು ಬೆರಳಿಟ್ಟು ಅಳೆಯುತ್ತಿದ್ದದ್ದು. ಬರೋನಾ ಕೊಬ್ಬನ್ನು ಅತಿಯಾಗಿ ಹೀರಿದ್ದರಿಂದಲೇ ಹೀಗಾಯಿತು ಎಂಬುದು ನಮ್ಮ ದೂರು. ಮೂವರಲ್ಲಿ ಒಬ್ಬ ಹೇಳಿದ: "ಕೊಬ್ಬು ಹೀರೋ ಕೊಳವೆ ಇಷ್ಟು ನೇರವಾಗಿ ಗೆರೆ ಎಳೆಯಲ್ಲ. ಇದು ಬಟ್ಟೆಯ ಮಡಿಕೆ ಒತ್ತಿದ ಗುರುತು. ಹುಡುಗಿ ತೊಟ್ಟ ಫಾಹಾ ಎಲ್ಲೀದು?"

ವಕೀಲ ನನ್ನ ಮೊಣಕೈ ತಿವಿದ. "ನೆನಪಿಲ್ಲ ಅನ್ನಿ, ದೋನ್ಯಾ ಎಸ್ನೆಡಾ. ಅಂಗಡೀಲಿ ನೂರಾರು ಇರ್ತಾವೆ."

ಅನ್ನಬಹುದಿತ್ತು. ಗೆದ್ದೂ ಬಿಡುತ್ತಿದ್ದೆವೇನೋ. ಆದರೆ ಫೋಟೊ ಅಷ್ಟು ದೊಡ್ಡದಾಗಿತ್ತು ಮಗಳೇ, ಗೆರೆಯೊಳಗೆ ಬಟ್ಟೆಯ ಎರಡು ಸಾಲು ಹೊಲಿಗೆಯ ಅಚ್ಚು ಕಾಣುತ್ತಿತ್ತು, ನಡುವೆ ಏಳು ಮಿಲಿಮೀಟರ್. ಈ ಊರಿನಲ್ಲಿ ಎಲ್ಲರೂ ಐದು ಬಿಡುತ್ತಾರೆ. ಏಳು ಬಿಡುವವಳು ನಾನೊಬ್ಬಳೇ. "ನಂದೇ," ಅಂದೆ.

ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಡಾಕ್ಟರ್ ಹೇಳಿದ್ದು ಮೂರು ವಾರ ಮೆತ್ತನೆಯದು, ಹೊಲಿಗೆ ತಾಗದ್ದು, ಎಲ್ಲಕ್ಕಿಂತ ಸಡಿಲವಾದ ಮೊದಲನೆಯ ಸಾಲಿನ ಹುಕ್ಕು ಮಾತ್ರ. ಒಂಬತ್ತನೆಯ ದಿನವೇ ನಾನು ಅದನ್ನು ಬಿಚ್ಚಿಸಿ ಸೊಂಟಕ್ಕೆ ಒಳಪಟ್ಟಿ ಕೊಟ್ಟ ಬಿಗಿಯದನ್ನು ತೊಡಿಸಿದೆ, ಪದವಿ ಸಮಾರಂಭಕ್ಕೆ ಹನ್ನೆರಡೇ ದಿನ ಉಳಿದಿತ್ತೆಂದು. ಲಿಹಿಯಾ ನಿನ್ನ ಭುಜ ಹಿಡಿದಿದ್ದಳು, ನಾನು ಮಂಚಕ್ಕೆ ಮೊಣಕಾಲೂರಿ ಎಳೆಯುತ್ತಿದ್ದೆ.

"ಅಮ್ಮ, ಎಡಗಡೆ ಕಚ್ತಿದೆ."

"ಕಚ್ಚಲೇಬೇಕು. ಕಚ್ಚದೇ ಇದ್ರೆ ಅದು ಫಾಹಾ ಅಲ್ಲ, ಒಳಂಗಿ. ಉಸಿರು ಬಿಡು. ಬಿಡು. ಇನ್ನೂ ಬಿಡು."

"ಅಕ್ಕ, ಎರಡನೇ ಸಾಲಿಗೆ ಸಾಕು ಕಣೇ, ಮಗು ಬಿಳಿಚ್ಕೊಂಡ್ಲು" ಎಂದು ಲಿಹಿಯಾ ಅಂದದ್ದೂ ನಿಜ. ನಾನು ಮೂರನೆಯ ಸಾಲಿಗೇ ಹಾಕಿದೆ. ಅದನ್ನೂ ಹೇಳಿದೆ. ಮೂಲೆಯಲ್ಲಿ ಕೂತು ಹೇಳಿಕೆ ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದಳು.

ಇಪ್ಪತ್ತೊಂದನೆಯ ದಿನ ಬಿಚ್ಚಿದಾಗ ಗೆರೆ ಕುಳಿತಿತ್ತು. ತಿಂಗಳಲ್ಲಿ ಏಳುತ್ತದೆ ಅಂದೆ, ಏಳಲಿಲ್ಲ. ಡಾಕ್ಟರ್ ಜಾಸ್ತಿ ಹೀರಿಬಿಟ್ಟ ಎಂಬ ಮಾತನ್ನು ಈ ಮನೆಯಲ್ಲಿ ಮೊದಲು ಆಡಿದವಳೂ ನಾನೇ. ನೀನು ಅದನ್ನು ನನ್ನ ಬಾಯಿಂದ ಎತ್ತಿಕೊಂಡೆ, ವಕೀಲ ನಿನ್ನ ಬಾಯಿಂದ.

ನೀನು ಕೇಳಬಹುದು: ಮೂವರು ಅಪರಿಚಿತರ ಮುಂದೆ ಹೇಳಿದ್ದನ್ನು ನನಗ್ಯಾಕೆ ಮೊದಲು ಹೇಳಲಿಲ್ಲ ಅಂತ. ಅವರು ಕೇಳಿದರು, ಹೇಳಿದೆ. ನೀನು ಕೇಳಲಿಲ್ಲ, ನಾನು ಅದನ್ನೇ ನೆಪ ಮಾಡಿಕೊಂಡೆ. ಹೊರಬರುವಾಗ ಬಾಗಿಲ ಬಳಿ ಬರೋನಾ ಕೈ ಚಾಚಿದ. ಅವನ ಕೈ ನನಗೆ ಬೇಕಿರಲಿಲ್ಲ, ಆದರೂ ಕುಲುಕಿದೆ. ಅಂಗಡಿಯಲ್ಲಿ ಒಂದು ವಾರ ಗಿರಾಕಿ ಕಡಿಮೆ. ಎರಡನೆಯ ವಾರ ಒಬ್ಬಳು ಬಂದು, "ಸಿಕ್ಕಾಪಟ್ಟೆ ಹಿಡಿಯುತ್ತಂತಲ್ಲ, ಆ ಫಾಹಾನೇ ಕೊಡಿ" ಅಂದಳು. ಈಗ ಆ ಮಾದರಿಯೇ ಹೆಚ್ಚು ಹೋಗುತ್ತಿದೆ. ನಗಬೇಕೋ ಅಳಬೇಕೋ ನೀನೇ ಹೇಳು. ಹೊಲಿಯುವುದನ್ನಂತೂ ನಾನು ನಿಲ್ಲಿಸಿಲ್ಲ.

ಅಲ್ಲಿ ಒಬ್ಬ ಒಳ್ಳೆಯ ವೈದ್ಯೆಗೆ ತೋರಿಸು. ಬೇರೆ ಕಡೆಯ ಕೊಬ್ಬನ್ನೇ ತುಂಬಿ ಗೆರೆ ಎಬ್ಬಿಸಲು ಬರುತ್ತದಂತೆ, ಪೂರಾ ಅಲ್ಲ, ಅರ್ಧದಷ್ಟು. ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ಒಳ್ಳೆಯವರ ನಡುವೆ ಇಡಲಿ, ನಿನ್ನ ಅಳತೆ ತೆಗೆಯದವರ ನಡುವೆ.

ನಿನ್ನ ಅಮ್ಮ,
ಎಸ್ನೆಡಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಮೊದಲ ದಿನ ನರ್ಸು ನಿನ್ನನ್ನು ತೂಕಕ್ಕೆ ಕರೆದೊಯ್ದಾಗ, ಲಿಹಿಯಾ ಮುನಿಸಿಕೊಂಡು ಹೊರಗೆ ನಿಂತಾಗ, ಡಾಕ್ಟರ್ ನನಗೆ ಹೇಳಿದ: "ಸೆನ್ಯೋರಾ, ಈ ಹುಡುಗೀಲಿ ತೆಗೆಯೋಕೆ ಏನೂ ಇಲ್ಲ. ಅವಳಿಗೆ ಬೇಕು ಅಂತಲೂ ಅನ್ನಿಸ್ತಿಲ್ಲ, ನಿಮ್ಮ ಮುಖ ನೋಡ್ಕೊಂಡು ಹೂಂ ಅಂತಿದ್ದಾಳೆ. ಮನೆಗೆ ಕರ್ಕೊಂಡು ಹೋಗಿ."

ನಾನು ಅಂದೆ: "ನೀವು ಮಾಡದಿದ್ರೆ ಎದುರು ರಸ್ತೆಯೋರು ಮಾಡ್ತಾರೆ. ನನ್ನ ಗಿರಾಕಿಗಳ್ನೂ ಅಲ್ಲಿಗೇ ಕಳಿಸ್ತೀನಿ." ಅಂಗಡಿಗೆ ಬಂದವರೆಲ್ಲ ನಿನ್ನನ್ನು ನೋಡಿ, "ನಿಮ್ಮ ಮಗಳಾ? ಸೊಂಟ ಅಪ್ಪನ ಕಡೇದು ಪಾಪ" ಅನ್ನುತ್ತಿದ್ದರಲ್ಲ, ಆ "ಪಾಪ" ಹತ್ತು ವರ್ಷದಿಂದ ನನ್ನ ಎದೆಯಲ್ಲಿತ್ತು. ನೀನು ವಾಪಸು ಬರುವಷ್ಟರಲ್ಲಿ ಡಾಕ್ಟರ್ ಗುರುತು ಹಾಕುವ ಪೆನ್ನು ಕೈಗೆತ್ತಿಕೊಂಡಿದ್ದ.

ಬಸ್ಸಿನಲ್ಲಿ ನೀನು ಕೇಳಿದೆ: "ಡಾಕ್ಟ್ರಿಗೂ ಹಾಗೇ ಅನ್ನಿಸ್ತಾ ಅಮ್ಮ, ನಾನು ಸರಿ ಇಲ್ಲ ಅಂತ?"

"ಓದಿದೋರು, ಅವರಿಗೆ ಗೊತ್ತಾಗಲ್ವಾ?" ಅಂದೆ.

ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಹೇಳಿದ್ದರೆ ದುಡ್ಡು ಯಾಕೆ ತಗೊಂಡೆ ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೇ ಡಾಕ್ಟರೂ ಹೇಳಲಿಲ್ಲ. ಹಾಗಾಗಿ ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ ಹೀಗಿದೆ. ಡಾಕ್ಟರಿಗೆ ಎಂಬತ್ತು ಲಕ್ಷ, ಕಳಂಕವಿಲ್ಲದ ಹೆಸರು. ವಕೀಲನಿಗೆ ನಲವತ್ತು. ಲಿಹಿಯಾಗೆ, ಯಾರೂ ಮುಟ್ಟದ್ದರಿಂದ, ಆರೋಗ್ಯ. ನನಗೆ ಆರರ ಜೊತೆಗೆ ಏಳನೆಯ ಯಂತ್ರ. ನಿನಗೆ, ಸೊಂಟದಲ್ಲಿ ಇಳಿದ ಮೂರು ಸೆಂಟಿಮೀಟರ್.