ಸುಂಟರವೀರನ ಮುಂದಿನ ಕೆಂಪು ನೆರಳು

ಗದಗ,
೯ ನವೆಂಬರ್ ೧೯೮೬

ಪ್ರಿಯ ಖಾಸಿಂಸಾಬ,

ನಿನ್ನ ಪತ್ರ ದೀಪಾವಳಿಗೆ ಮೊದಲೇ ಬಂದಿತ್ತು. ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಮುದ್ರಣಾಲಯದಲ್ಲಿ ಹೊಸ ಆಫ್‌ಸೆಟ್ ಯಂತ್ರ ಜೋಡಿಸುವ ಕೆಲಸವಿತ್ತು. ಲಕ್ಷ್ಮೇಶ್ವರಕ್ಕೆ ಹೋದ ಮೇಲೆ ನಿನ್ನ ಮೊಣಕಾಲು ನೋವು ಇಳಿಯಿತೆಂದು ತಿಳಿದು ಸಮಾಧಾನವಾಯಿತು.

ನೀನು ಹದಿಮೂರು ವರ್ಷ ಚಿತ್ರ ಬರೆದ ನಮ್ಮ ಚಿತ್ರಕಥೆ ಮಾಸಿಕದ ಸುಂಟರವೀರನ ಸಂಗತಿಯನ್ನು ಬೇರೆಯವರಿಂದ ಕೇಳುವ ಮೊದಲು ನಾನೇ ತಿಳಿಸಬೇಕು. ಧಣಿಗಳ ಮಗ ಸಕ್ರಪ್ಪ ಅವನ ಹುಟ್ಟಿನ ಕಥೆಯನ್ನು ಹೊಸದಾಗಿ ಬರೆಸಿದ್ದಾನೆ. ಚಿತ್ರಗಳು ಹುಬ್ಬಳ್ಳಿಯ ಒಬ್ಬ ತರುಣನವು.

"ಅಂದಾನಪ್ಪನವ್ರ, ಸತ್ತ ತಂಗೀ ಬೆನ್ನ ಹತ್ತಿ ಇನ್ನೆಷ್ಟ ವರ್ಷ ಹಾರಬೇಕ್ರಿ ಅಂವ? ಲ್ಯಾಬಿನಾಗ ಸ್ಫೋಟ ಆಕ್ಕೈತಿ, ಮೈಯಾಗ ಕರೆಂಟ್ ಹೊಕ್ಕೈತಿ. ಆತು!" ಎಂದ.

"ಕರೆಂಟ್ ಹೊಕ್ಕರ ಮನಷಾ ಸಾಯ್ತಾನ," ಎಂದೆ.

"ಇಷ್ಟ ವರ್ಷ ಅಂವ ಆಕಾಶದಾಗ ಹಾರಿದಾಗ ಸುಮ್ಮನಿದ್ರಿ, ಈಗ ಸೈನ್ಸ್ ಕೇಳ್ತೀರಲ್ರಿ!" ಎಂದು ನಕ್ಕ.

ಒಂದು ಪುಟದಲ್ಲಾದರೂ ತಂಗಿಯನ್ನು ಉಳಿಸು ಎಂದು ಕೇಳಿದೆ. ಒಪ್ಪಲಿಲ್ಲ. ಆ ತಂಗಿ ಯಾರೆಂಬುದು ಅವನಿಗೆ ತಿಳಿಯದು, ನಾನೂ ಹೇಳಲಿಲ್ಲ.

ನಮ್ಮ ಮಗಳು ಸುಮಿತ್ರಾಳನ್ನು ಮಣ್ಣು ಮಾಡಿ ಬಂದ ವಾರ ನೆನಪಿದೆಯಷ್ಟೆ? ಹಳೆಯ ಯಂತ್ರದಲ್ಲಿ ಒಂದೊಂದು ಬಣ್ಣಕ್ಕೂ ಹಾಳೆಯನ್ನು ಮತ್ತೊಮ್ಮೆ ಹಾಯಿಸಬೇಕಿತ್ತು. ಅಂದು ಕೆಂಪು ಬಣ್ಣದ ಅಚ್ಚಿನ ಬ್ಲಾಕು ಸಡಿಲಾಗಿ, ವೀರನ ಕೆಂಪು ಅಂಗಿ ಅವನ ಕಪ್ಪು ಗೆರೆಗಳಿಂದ ಮುಂದಕ್ಕೆ ಸರಿದು ನಿಂತಿತು. ಹಾಳೆಗಳನ್ನು ಹರಿಯಲು ಹೊರಟ ನನ್ನ ಕೈ ಹಿಡಿದು ನೀನು, "ಬಿಡಲೇ, ಇದು ತಪ್ಪಲ್ಲ. ಅವನ ತಂಗಿ ಅದಾಳ. ಅಣ್ಣನ ಮುಂದ ಮುಂದ ಓಡ್ಯಾಳ," ಎಂದೆ. ಮರುತಿಂಗಳು ನೀನೇ ಅದನ್ನು ಅವನ ಹುಟ್ಟಿನ ಕಥೆಯಾಗಿಸಿದೆ. ತೀರಿಹೋದ ತಂಗಿ ಕೆಂಪು ನೆರಳಾಗಿ ಒಂದು ಹೆಜ್ಜೆ ಮುಂದೆ ನಡೆದು, ಯಾರು ಅಪಾಯದಲ್ಲಿದ್ದಾರೆಂದು ಅಣ್ಣನಿಗೆ ತೋರಿಸುತ್ತಾಳೆ. ಆನಂತರ ಪ್ರತಿ ಸಂಚಿಕೆಯಲ್ಲಿಯೂ ಆ ತಪ್ಪನ್ನು ನಾನು ಅಳತೆಯಿಟ್ಟು ಮಾಡುತ್ತಿದ್ದೆ.

ಹೊಸ ಯಂತ್ರದಲ್ಲಿ ಬಣ್ಣಗಳು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಜೋಡಿಸಿದವನು ನಾನೇ. ಸಕ್ರಪ್ಪ ಎಲ್ಲರಿಗೂ ಪೇಢೆ ಹಂಚಿದ.

ನಿನ್ನ ಮನೆಯಾಕೆ, ನನಗೆ ತಂಗಿಯಂಥ ಫಕೀರಬಿಗೆ ನಮಸ್ಕಾರ ತಿಳಿಸು. ಮೊಮ್ಮಕ್ಕಳು ಚೆನ್ನಾಗಿ ಬಾಳಲಿ, ನಿನ್ನ ಮನೆಯಲ್ಲಿ ಸದಾ ಅವರ ಗದ್ದಲವಿರಲಿ.

ನಿನ್ನ,
ಅಂದಾನಪ್ಪ

ತಾ.ಕ.: ನನ್ನ ಮನೆಯಾಕೆ ಶಾರದಳಿಗೆ ಓದು ಬಾರದೆಂಬುದು ನಿನಗೆ ಗೊತ್ತು. ಆದರೂ ಪ್ರತಿ ಸಂಚಿಕೆಯನ್ನು ಮೊದಲು ತೆರೆಯುವವಳು ಅವಳೇ. ಈ ಸಲ ಕೊನೆಯವರೆಗೆ ತಿರುವಿ, ಮತ್ತೆ ಮೊದಲಿನಿಂದ ತಿರುವಿದಳು. "ಆಕಿ ಎಲ್ಲ್ಯದಾಳ್ರಿ?" ಎಂದಳು. ಹೊಸ ಯಂತ್ರ ಬಹಳ ನಿಖರವಾದುದೆಂದು ವಿವರಿಸಿದೆ. "ಅಷ್ಟ ಚೊಲೋ ಮಶಿನ್ ಯಾಕ ಕೂಡ್ಸಿದ್ರಿ?" ಎಂದು ಕೇಳಿ ಒಳಗೆ ಹೋದಳು.

ಸುಮಿತ್ರಾಳ ಫೋಟೊ ನಮ್ಮಲ್ಲಿ ಒಂದೂ ಇಲ್ಲ. ನೀನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟಗೇರಿಯೆಲ್ಲ ತಿರುಗಿದವನು. ಪೆನ್ಸಿಲಿನಲ್ಲಾದರೂ ಸರಿ, ಅವಳ ಮುಖವನ್ನು ಬರೆದು ಕಳುಹಿಸು. ಮೂಗು ನನ್ನದರಂತಿತ್ತೆಂದು ಶಾರದ ಹೇಳುತ್ತಾಳೆ, ಶಾರದಳ ಮೂಗಿನಂತಿತ್ತೆಂದು ನಾನು. ನಿನ್ನ ನೆನಪಿನಲ್ಲಿ ಹೇಗಿದೆಯೋ ಹಾಗೆಯೇ ಬರೆ. ನಾವಿಬ್ಬರೂ ಅದನ್ನೇ ನಂಬುತ್ತೇವೆ.