ಹೇಳಿಕೊಡದ ಉತ್ತರ

ಆಳಂದ
೧೨ ನವೆಂಬರ್ ೨೦೨೪, ಮಂಗಳವಾರ

ಮುದ್ದಿನ ಯಾಸ್ಮೀನ, ನಿನಗೆ ನಿನ್ನ ಅಮ್ಮಿಯ ಸಲಾಮು, ಮನಸ್ಸು ತುಂಬಿ ದುವಾ.

ಹೇಗಿದ್ದೀಯವ್ವಾ? ಸೊಂಟದ ನೋವು ಕಡಿಮೆಯಾಯಿತೇ? ದಿನವಿಡೀ ವೃದ್ಧಾಶ್ರಮದ ಮುದುಕರನ್ನು ಎತ್ತುವುದು, ಕೂರಿಸುವುದು, ಮಲಗಿಸುವುದು ಎಂದರೆ ಸೊಂಟ ಉಳಿಯುವುದಾದರೂ ಹೇಗೆ? ಎತ್ತುವಾಗ ಮೊಣಕಾಲು ಬಗ್ಗಿಸು. ನರ್ಸಿಗೆ ನಾನು ಇದನ್ನು ಹೇಳುವುದು ತಮಾಷೆಯೇ, ಆದರೂ ತಾಯಿಯಲ್ಲವೇ, ಹೇಳುತ್ತೇನೆ. ಅಳಿಯ ಫಯಾಜನ ಕೆಮ್ಮು ಹೇಗಿದೆ? ಆ ಐರ್ಲೆಂಡಿನ ಥಂಡಿಯಲ್ಲಿ ಕತ್ತಲಿರುವಾಗಲೇ ಎದ್ದು ಬೇಕರಿಗೆ ಹೋಗುವವನು ಕಿವಿಗೆ ಮಫ್ಲರ್ ಸುತ್ತಿಕೊಳ್ಳಲಿ, ಯಾರೂ ನಗುವುದಿಲ್ಲ. ಸಮೀರನಿಗೆ ನಾನಿಯ ಮುತ್ತು. ನನ್ನ ಚಿಂತೆ ಬೇಡ. ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಅದು ನಿನಗೆ ಗೊತ್ತಿರುವುದೇ.

ಫೋನು ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಮೂಗು ಒರೆಸಿಕೊಳ್ಳಲು ಶುರು ಮಾಡುತ್ತೀ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ. ಉರ್ದು ನಿನಗೆ ಮಾತಿಗಷ್ಟೇ ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ನಾನು ಶಾಲೆಯಲ್ಲಿ ನಿನ್ನ ಕಿವಿ ಹಿಂಡಿ ಕಲಿಸಿದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೂತು ನಿಧಾನವಾಗಿ ಓದು.

ಅಂಜುಮಳ ದತ್ತಕದ ಫೈಲು ಮತ್ತೆ ಮುಂದೆ ಹೋಗಿದೆ. ನಡುವೆ ಅದು ವಾಪಸು ಬಂದಿತ್ತು ಎಂದು ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ಆ ದಿನ ಅನ್ನ ಬಿಡುತ್ತಿದ್ದೆ. ವಾಪಸು ಬರಲು ಕಾರಣ ನಾನೇ ಎಂದು ಕಚೇರಿಯವರ ಮಾತು. ನಾನು ಒಪ್ಪುವುದಿಲ್ಲ. ಕಲಬುರಗಿಯ ಮಕ್ಕಳ ರಕ್ಷಣೆಯ ಕಚೇರಿಯಿಂದ ಸುಮಂಗಲಾ ಎಂಬ ಹುಡುಗಿ ಮನೆ ನೋಡಲು ಬಂದಿದ್ದಳು. ಅಂಜುಮ ಎಲ್ಲಿ ಮಲಗುತ್ತಾಳೆ, ಏನು ಓದುತ್ತಾಳೆ, ಯಾರ ಜೊತೆ ಆಡುತ್ತಾಳೆ ಎಲ್ಲ ವಿಚಾರಿಸಿ ಕೊನೆಗೆ, ದತ್ತಕ ಕೇಳಿದವರು ಮಗುವಿಗೆ ಏನಾಗಬೇಕು ಎಂದಳು. ನಾನು ಹೇಳಿದೆ, “ಯಾಸ್ಮೀನ ಆಕಿ ತಾಯಿನೇ ಅದಾಳವ್ವಾ.” ಚಹಾ ತಂದಿದ್ದ ಪಕ್ಕದ ಮನೆಯ ಅಖ್ತರಬೇಗಂ ಸುಮ್ಮನಿರುತ್ತಾಳೆಯೇ? “ಹೌದ್ರಿ, ನಾನೇ ಕಣ್ಣಾರೆ ನೋಡೇನ್ರಿ, ಎರಡೂ ಕೂಸಿಗೆ ಕುಡಸ್ತಿದ್ಲು” ಎಂದು ಸಾಕ್ಷಿ ಹೇಳಿದಳು. ಪಾಪ ಆ ಹುಡುಗಿ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡು ಹೋದಳು. ಅರ್ಜಿ ಹಾಕಿದವಳೇ ಮಗುವಿನ ತಾಯಿ ಎಂದು ಮನೆಯವರ ಹೇಳಿಕೆ! ಮೇಲಿನವರು ಕೇಳಿದರಂತೆ: ತಾಯಿಯೇ ಆದರೆ ತನ್ನ ಮಗುವನ್ನು ತಾನೇ ದತ್ತಕ ಪಡೆಯುವುದು ಎಂದರೇನು, ಜನನ ಪತ್ರದಲ್ಲಿ ಶಾಹೀನ ಎಂದು ಇರುವುದು ಯಾರು, ಇದರಲ್ಲಿ ಏನು ಕಿತಾಪತಿ ಇದೆ.

ಸುಮಂಗಲಾ ಮತ್ತೆ ಬಂದಳು, ಮುಖ ಸಣ್ಣದು ಮಾಡಿಕೊಂಡು. “ಅಮ್ಮಾರ, ನೀವು ಟೀಚರ್ ಇದ್ದವರು. ಹಿಂಗ ಹೇಳಿದ್ರ ನಾ ಏನ್ ಬರೀಬೇಕ್ರಿ?” ಎಂದಳು. “ನಾ ಸುಳ್ಳು ಹೇಳಿಲ್ಲವ್ವಾ. ನಿಮ್ಮ ಕಾಗದದಾಗ ಹಾಲಿಗೆ ಜಾಗ ಇಲ್ಲ, ಅದಕ್ಕ ನಾ ಏನ್ ಮಾಡ್ಲಿ?” ಎಂದೆ. ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದೆ. ನಿನ್ನ ಅಕ್ಕ ಶಾಹೀನ ಹೆರಿಗೆಯಲ್ಲಿ ಹೋದಳು, ಆಗ ನಿನ್ನ ಸಮೀರ ಮೂರು ತಿಂಗಳ ಕೂಸು, ಅವನ ಜೊತೆಗೇ ನೀನು ಅಂಜುಮಳನ್ನೂ ಎದೆಗೆ ಹಾಕಿಕೊಂಡೆ, ನೀವು ಆ ದೇಶಕ್ಕೆ ಹೋದಾಗ ಅವಳು ನನ್ನ ಹತ್ತಿರ ಉಳಿದಳು. ನಮ್ಮವರಲ್ಲಿ ಹಾಲು ಕುಡಿಸಿದವಳು ತಾಯಿ, ಕುಡಿದ ಮಕ್ಕಳು ಒಡಹುಟ್ಟಿದವರು, ಅವರ ನಡುವೆ ನಿಕಾಹ ಕೂಡ ಆಗುವುದಿಲ್ಲ. ಹುಡುಗಿ ಬೆರಗಾಗಿ ಕೇಳಿಸಿಕೊಂಡಳು. ಈಗ ತಾಯಿಯ ತಂಗಿ ಎಂದು ಸರಿಯಾಗಿ ಬರೆದು, ಹಾಲಿನ ವಿಷಯವನ್ನೂ ಬೇರೆಯಾಗಿ ಸೇರಿಸಿದ್ದಾಳೆ. ಮತ್ತೊಮ್ಮೆ ಯಾರಾದರೂ ಕೇಳಿದರೂ ನಾನು ಮೊದಲು ಹೇಳಿದ್ದನ್ನೇ ಹೇಳುವವಳು, ಅದನ್ನೂ ಅವಳಿಗೆ ತಿಳಿಸಿದ್ದೇನೆ.

ಈ ದತ್ತಕದ ದಾರಿ ಇಷ್ಟು ಉದ್ದ ಎಂದು ನೀನು ಗೋಳಾಡುತ್ತೀ. ನಿಮ್ಮ ದೇಶದವರು ನಿಮ್ಮ ಮನೆಗೆ ಬಂದು ಮದುವೆ, ಆರೋಗ್ಯ, ಸಂಬಳ, ಪೊಲೀಸ್ ದಾಖಲೆ, ಕೊನೆಗೆ ನಿಮ್ಮಿಬ್ಬರ ಜಗಳವನ್ನೂ ವಿಚಾರಿಸಿ ವರದಿ ಬರೆದರು. ಅದು ದಿಲ್ಲಿಯ ದತ್ತಕ ಪ್ರಾಧಿಕಾರಕ್ಕೆ ಬಂತು, ಅಲ್ಲಿಂದ ಕಲಬುರಗಿಗೆ, ಕಲಬುರಗಿಯಿಂದ ಆಳಂದದ ನಮ್ಮ ಅಡುಗೆ ಮನೆಗೆ. ಇನ್ನು ಜಿಲ್ಲಾಧಿಕಾರಿಗಳ ಆದೇಶ ಆಗಬೇಕು, ದಿಲ್ಲಿಯವರು ಅಡ್ಡಿಯಿಲ್ಲ ಎನ್ನಬೇಕು, ಪಾಸ್‌ಪೋರ್ಟು ಆಗಬೇಕು, ವೀಸಾ ಆಗಬೇಕು. ಅವಳು ಅಲ್ಲಿಗೆ ಬಂದ ಮೇಲೂ ಎರಡು ವರ್ಷ ಹೇಗಿದ್ದಾಳೆಂದು ನೋಡಿ ಬರೆಯುತ್ತಲೇ ಇರುತ್ತಾರಂತೆ. ಹಡೆದವರನ್ನು ಯಾರೂ ಇಷ್ಟು ಕೇಳುವುದಿಲ್ಲ, ನಿಜ. ಆದರೆ ಕೇಳಲಿ. ಮಕ್ಕಳನ್ನು ಗಡಿ ದಾಟಿಸಿ ಮಾರುವವರೂ ಇದೇ ಲೋಕದಲ್ಲಿದ್ದಾರೆ. ಫಯಾಜನ ಯಾರೋ ದೋಸ್ತ ಫೋನು ಮಾಡಿ, ಟೂರಿಸ್ಟ್ ವೀಸಾ ಮಾಡಿಸಿ ಕಳಿಸಿಬಿಡ್ರಿ, ಅಲ್ಲಿ ಹೋದ ಮೇಲೆ ಯಾರು ಕೇಳ್ತಾರೆ ಎಂದ. ನಮ್ಮ ಮನೆಯ ಹುಡುಗಿ ಕಳ್ಳ ಸಾಮಾನಲ್ಲಪ್ಪಾ ಎಂದು ಫೋನು ಇಟ್ಟೆ. ಅವನಿಗೆ ಸಿಟ್ಟು ಬಂದಿದ್ದರೆ ಫಯಾಜನೇ ಸಮಾಧಾನ ಮಾಡಲಿ.

ಅಂಜುಮಳ ಅಪ್ಪನ ಒಪ್ಪಿಗೆ ಬೇಕೇ ಬೇಕು ಎಂದರು. ಲಾಡ್ಲೆಸಾಬ ಮರು ನಿಕಾಹ ಮಾಡಿಕೊಂಡು ಅಫಜಲಪುರ ಸೇರಿದ ಮೇಲೆ ಮಗಳ ಮುಖ ನೋಡಲು ಬಂದವನಲ್ಲ, ಆದರೂ ಕಾನೂನಿಗೆ ಅವನೇ ಅಪ್ಪ. ಬಸ್ಸು ಹತ್ತಿ ಹೋದೆ. ಅವನ ಹೆಂಡತಿ ಒಳ್ಳೆಯವಳು, ರೊಟ್ಟಿ ಬಡಿದು ಊಟ ಹಾಕಿದಳು. ಅವನು ತಲೆ ತಗ್ಗಿಸಿ ಒಂದೇ ಮಾತು ಕೇಳಿದ, “ಕಾಗದದಾಗ ನನ್ನ ಹೆಸರು ತೆಗೀತಾರೇನ್ರಿ ಅಮ್ಮಿ?” ತೆಗೆಯುತ್ತಾರೆ ಎಂದೆ. ಅಲ್ಲಿಂದಾಚೆ ಅವಳ ತಂದೆ ಫಯಾಜ, ತಾಯಿ ಯಾಸ್ಮೀನ. ಕಾನೂನಿನಲ್ಲಿ ಅವನಿಗೂ ಮಗಳಿಗೂ ನಡುವೆ ಏನೂ ಉಳಿಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಗೊತ್ತಿಲ್ಲದೆ ಮಾಡಿದ ಸಹಿ ನನಗೆ ಬೇಡವಾಗಿತ್ತು. ಮುಂದಿನ ವಾರ ಕಲಬುರಗಿಗೆ ಬಂದು ಅಧಿಕಾರಿಗಳ ಎದುರಿಗೆ ಸಹಿ ಮಾಡಿದ. ಅವನ ಮೇಲಿನ ನನ್ನ ಸಿಟ್ಟು ಹೋಗಿಲ್ಲ, ಆದರೆ ಆ ದಿನ ಅವನಿಗೆ ದುವಾ ಮಾಡಿದೆ.

ಈಗ ನಿನ್ನ ಬಡೇ ಅಬ್ಬಾ ರಾಜೇಸಾಬರ ಸುದ್ದಿ. ನಿನ್ನ ಅಬ್ಬಾನ ಅಣ್ಣ ಎಂದು ನಾನು ಇಷ್ಟು ವರ್ಷ ಅವರ ಎದುರು ಸೆರಗು ಸರಿಮಾಡಿಕೊಂಡು ನಿಂತವಳು. ಜೇವರ್ಗಿಯಿಂದ ಇದಕ್ಕಾಗಿಯೇ ಬಂದರು. “ನಮ್ಮಲ್ಲಿ ದತ್ತಕ ಅನ್ನೂದು ಇಲ್ಲ ನಜಮಾ. ಬಾಪ ಯಾರಂತ ಮುಚ್ಚೂದು ಗುನ್ಹಾ” ಎಂದರು. “ಮುಚ್ಚಾಕತ್ತವರು ಯಾರ್ರಿ ಭಾಯಿಸಾಬ? ಅಪ್ಪನ ಹೆಸರು, ಸತ್ತ ತಾಯಿ ಹೆಸರು, ಎರಡೂ ಆಕಿಗೆ ನಾನೇ ಕಲಿಸೇನಿ” ಎಂದೆ. ಹಾಗಾದರೆ ಸಾಕಿಕೊಳ್ಳಲಿ, ಮಗಳು ಎಂದು ಬರೆಸುವುದು ಬೇಡ ಎಂದರು. ಬರೆಸದಿದ್ದರೆ ಆ ದೇಶ ಅವಳನ್ನು ನಿಲ್ಲಲು ಬಿಡುವುದಿಲ್ಲ ಎಂದೆ. ಎಲ್ಲ ಧರ್ಮದವರಿಗೂ ಈ ಕಾನೂನಿನಲ್ಲಿ ದಾರಿ ಇದೆ, ಬೇಕಾದವರು ಹೋಗಬಹುದು, ಬೇಡವಾದವರು ಬಿಡಬಹುದು ಎಂದೂ ಹೇಳಿದೆ. ಅವರ ದನಿ ಏರಿತು. ಆಗ ನಾನು ಕೇಳಿದೆ, “ಅಂಜುಮಂದೂ ಸಮೀರಂದೂ ನಿಕಾಹ ಮಾಡ್ಬಹುದೇನ್ರಿ?” ಅವರು ಕೆನ್ನೆ ಬಡಿದುಕೊಂಡರು. “ತೋಬಾ ತೋಬಾ! ಹಾಲಿನ ಅಣ್ಣ ತಂಗಿ ಅದಾರ ಅವರು!” “ಹಂಗಾರ ಆ ಇಬ್ಬರಿಗೂ ತಾಯಿ ಯಾರ್ರಿ ಭಾಯಿಸಾಬ?” ಎಂದೆ. ಟೋಪಿ ಸರಿಮಾಡಿಕೊಂಡು ಎದ್ದು ಹೋದರು. ಕಪ್ಪಿನಲ್ಲಿದ್ದ ಚಹಾ ನಾನೇ ಕುಡಿದೆ.

ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಮೊಮ್ಮಗನ ಮದುವೆಗೆ ನನ್ನೊಬ್ಬಳನ್ನು ಬಿಟ್ಟು ಆಳಂದದ ಎಲ್ಲರನ್ನೂ ಕರೆದರು. ನೋವಾಯಿತು, ಆಗಲಿಲ್ಲ ಎನ್ನುವುದಿಲ್ಲ. ನಿನ್ನ ಅಬ್ಬಾ ತೀರಿಕೊಂಡಾಗ ನನ್ನ ಪಕ್ಕದಲ್ಲಿ ನಿಂತವರು ಅವರೇ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಅರವತ್ತೇಳು ದಾಟಿತು. ನಾನು ಹೋದ ಮೇಲೆ ಅಂಜುಮ ಯಾರ ಮನೆಯಲ್ಲೂ ಪಾತ್ರೆ ತೊಳೆಯುವ ಮೂಲೆಯ ಹುಡುಗಿ ಆಗಬಾರದು. ಅವಳು ನಿನ್ನ ಹತ್ತಿರ ಬಂದರೆ ನನ್ನ ಮನೆ ಬರಿದಾಗುತ್ತದೆ, ಆದರೂ ಈ ಫೈಲು ನಾನೇ ಹೊತ್ತು ತಿರುಗುತ್ತಿದ್ದೇನೆ. ಇದು ನಿನಗೆ ಗೊತ್ತಿರಲಿ.

ಉಳಿದಂತೆ ಎಲ್ಲ ಚೆನ್ನಾಗಿದೆ. ತೊಗರಿ ಈ ಸಲ ಹೂವು ಚೆನ್ನಾಗಿ ಹಿಡಿದಿದೆಯಂತೆ. ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದೇನೆ, ಆ ಕಡೆ ಬರುವವರು ಯಾರಾದರೂ ಇದ್ದರೆ ಹೇಳು. ಅಖ್ತರಬೇಗಂ ಸಲಾಮು ಹೇಳಿದ್ದಾಳೆ, ತನ್ನ ಸಾಕ್ಷಿಯಿಂದಲೇ ಫೈಲು ನಡೆಯಿತು ಎಂದು ಓಣಿ ತುಂಬಾ ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಅಲ್ಲಾಹು ನಿಮ್ಮ ಮೂವರನ್ನೂ ಸುಖವಾಗಿಟ್ಟಿರಲಿ, ನಿನ್ನ ಕೈಗೆ ಬಲ ಕೊಡಲಿ, ಫಯಾಜನ ಎದೆ ಗಟ್ಟಿಯಾಗಿರಲಿ.

ಇಂತಿ ನಿನ್ನ ಹಟಮಾರಿ ಅಮ್ಮಿ,
ನಜಮುನ್ನಿಸಾ

ಪೋಸ್ಟಿನವರು ಬಾಗಿಲು ಹಾಕುವ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಬೇಜಾರು ಮಾಡಿಕೊಳ್ಳಬೇಡ. ಇಷ್ಟು ಹೊತ್ತು ಬರೆದು ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕಂತೆ. ಮುಂದಿನ ತಿಂಗಳು ಜಿಲ್ಲಾಧಿಕಾರಿಗಳು ನಮ್ಮನ್ನೆಲ್ಲ ಹೊರಗೆ ಕೂರಿಸಿ, ಅಂಜುಮಳನ್ನೊಬ್ಬಳನ್ನೇ ಒಳಗೆ ಕರೆದು, ಹೋಗಲು ಇಷ್ಟವೇ ಎಂದು ಕೇಳುತ್ತಾರೆ. ನೀನು ಮೊನ್ನೆ ಫೋನಿನಲ್ಲಿ, “ಅಮ್ಮಿ, ಆಕಿಗಿ ಛಂದಾಗಿ ಹೇಳಿಕೊಟ್ಟು ಕರ್ಕೊಂಡು ಹೋಗು, ಹೂಂ ಅಂದ್ರ ಸಾಕು” ಎಂದೆಯಲ್ಲ, ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಹೇಳಿಕೊಡುವುದಿಲ್ಲ. ಊರ ಮಕ್ಕಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಸಿದವಳು ನಾನು, ಇದೊಂದನ್ನು ಮಾಡಿಸುವುದಿಲ್ಲ. ನಿನ್ನೆ ನಾನು ತಲೆ ಬಾಚುವಾಗ ಅವಳೇ ಅಂದಳು, “ನಾನಿ, ಯಾಸ್ಮೀನ ಖಾಲಾ ಫೋನಿನ್ಯಾಗ ನನ್ನ ಖೋಲಿ ತೋರಿಸ್ಯಾಳ, ಸೈಕಲ್ ತೋರಿಸ್ಯಾಳ. ನೀ ಬರ್ತೀಯೇನು ಅಂತ ನನಗ ಒಂದ್ಸಲನೂ ಕೇಳಿಲ್ಲಲ್ಲ.” ಐರ್ಲೆಂಡಿನಿಂದ ಅಫಜಲಪುರದ ತನಕ ಎಲ್ಲರ ಒಪ್ಪಿಗೆ ಪಡೆದೆವು ಯಾಸ್ಮೀನ, ಅವಳದೊಂದು ಬಿಟ್ಟು. ಫೋನು ಮಾಡು, ನನಗಲ್ಲ, ಅವಳಿಗೆ. ಸೈಕಲ್ಲಿನ ಮಾತು ಬೇಡ, ಕೇಳು. ಕೇಳಿ ಸುಮ್ಮನಿರು, ಅವಳಿಗೆ ಯೋಚಿಸಲು ಬಿಡು. ಅವಳು ಹೂಂ ಎಂದರೆ ವಿಮಾನದ ತನಕ ನಾನೇ ಕೈ ಹಿಡಿದು ಕರೆತರುತ್ತೇನೆ. ಊಹೂಂ ಎಂದರೆ ರಾಜೇಸಾಬರ ಎದುರು ನಿಂತ ಹಾಗೆಯೇ ನಿನ್ನ ಎದುರೂ ನಿಲ್ಲುತ್ತೇನೆ, ನೀನು ಎಷ್ಟು ಅತ್ತರೂ. ಅವಳು ಶಾಲೆಯಿಂದ ಸಂಜೆ ಐದಕ್ಕೆ ಮನೆಗೆ ಬರುತ್ತಾಳೆ.